ಚಿತ್ರಕೃಪೆ ಯಾರದ್ದು? ಆಂಡಿ ವಾರ್ಹೋಲ್ ಬಿಟ್ಟುಹೋದ ಬಾಕಿ

ಹಳೆಯ ಮ್ಯೂಸಿಕ್ ವಿಡಿಯೋ ಹುಡುಕಿ ನೋಡೋದು ನನಗೊಂದು ಚಟ. ಮಲಗುವ ಮುಂಚೆ ಕೆಲವರು ಕ್ರಿಕೆಟ್ ಹೈಲೈಟ್ಸ್ ನೋಡ್ತಾರಲ್ಲ, ಹಾಗೆ. ಈ ಚಟದಲ್ಲಿ ಒಂದು ರಾತ್ರಿ ಕಣ್ಣಿಗೆ ಬಿದ್ದದ್ದು 'ಮಿಸ್‌ಫಿಟ್' ಅನ್ನೋ ಹಾಡು. ಕ್ಯೂರಿಯಾಸಿಟಿ ಕಿಲ್ಡ್ ದ ಕ್ಯಾಟ್ ಎಂಬ ಬ್ರಿಟಿಷ್ ತಂಡದ್ದು, 1986ರದ್ದು. ಹುಡುಗರು ಕುಣಿಯುತ್ತಿರುವ ಆ ವಿಡಿಯೋದಲ್ಲಿ ಇದ್ದಕ್ಕಿದ್ದಂತೆ ಬೆಳ್ಳಿ ಬಣ್ಣದ ವಿಗ್ ತೊಟ್ಟ ಒಬ್ಬ ತೆಳ್ಳಗಿನ ಮನುಷ್ಯ ಕಾಣಿಸ್ತಾನೆ. ಕೈಯಲ್ಲಿರುವ ಬಿಳಿ ಕಾರ್ಡುಗಳನ್ನು ಒಂದೊಂದಾಗಿ ಕೆಳಗೆ ಬೀಳಿಸ್ತಾನೆ. ಮುಖದಲ್ಲಿ ನಗುವಿಲ್ಲ, ಬೇಸರವೂ ಇಲ್ಲ. ಆತ ಆಂಡಿ ವಾರ್ಹೋಲ್. ಪಾಪ್ ಆರ್ಟ್ ಎಂದ ಕೂಡಲೇ ಜಗತ್ತಿಗೆ ನೆನಪಾಗುವ ಮೊದಲ ಹೆಸರು.

ಕಾರ್ಡು ಬೀಳಿಸುವ ಐಡಿಯಾ ಅವನದ್ದಲ್ಲ. 1965ರಲ್ಲಿ ಬಾಬ್ ಡಿಲನ್ ಲಂಡನ್ನಿನ ಒಂದು ಓಣಿಯಲ್ಲಿ ನಿಂತು, ತನ್ನ ಹಾಡಿನ ಪದಗಳನ್ನು ಬರೆದ ಕಾರ್ಡುಗಳನ್ನು ಹೀಗೇ ಒಂದೊಂದಾಗಿ ಎಸೆದಿದ್ದ. ಡಿ.ಎ. ಪೆನ್ನೆಬೇಕರ್ ಚಿತ್ರೀಕರಿಸಿದ ಆ ತುಣುಕನ್ನು ಮ್ಯೂಸಿಕ್ ವಿಡಿಯೋಗಳ ಅಜ್ಜ ಅಂತ ಕರೆಯುವವರಿದ್ದಾರೆ. ವಾರ್ಹೋಲ್ ಮಾಡಿದ್ದು ಅದರ ನಕಲು. ಇಡೀ ಬದುಕಿನಲ್ಲಿ ಅವನು ಮಾಡಿದ್ದೇ ಅದು ಅಂತ ಹೇಳಿ ಈ ಲೇಖನವನ್ನು ಇಲ್ಲಿಗೇ ಮುಗಿಸಬಹುದು. ಬಹಳ ಜನ ಹಾಗೇ ಮುಗಿಸ್ತಾರೆ ಕೂಡ. ಒಂದೇ ಮುಖ, ನಾಲ್ಕು ಚೌಕ, ನಾಲ್ಕು ಗಾಢ ಬಣ್ಣ: ಫೋನಿನ ಫಿಲ್ಟರ್‌ನಲ್ಲಿ ಎರಡು ಸೆಕೆಂಡಿನಲ್ಲಿ ಸಿಗುವ 'ವಾರ್ಹೋಲ್ ಸ್ಟೈಲ್'.

ನನಗೆ ಅವನ ಬದುಕನ್ನು ಬೇರೊಂದು ಪ್ರಶ್ನೆ ಇಟ್ಟುಕೊಂಡು ನೋಡಬೇಕು ಅನ್ನಿಸಿದೆ. ಪ್ರತಿ ಚಿತ್ರದ ಹಿಂದೆ ಯಾರೋ ಒಬ್ಬರು ಇರ್ತಾರೆ. ಅವರು ಯಾರು, ಅವರಿಗೆ ಏನಾಯ್ತು? ಇದು ನನ್ನನ್ನೂ ಚುಚ್ಚುವ ಪ್ರಶ್ನೆ. ಯಾಕೆ ಅನ್ನೋದನ್ನು ಕೊನೆಗೆ ಹೇಳ್ತೇನೆ.

ಆಂಡ್ರೂ ವಾರ್ಹೋಲಾ ಹುಟ್ಟಿದ್ದು 1928ರ ಆಗಸ್ಟ್ 6ರಂದು, ಅಮೆರಿಕದ ಉಕ್ಕಿನ ನಗರ ಪಿಟ್ಸ್‌ಬರ್ಗ್‌ನಲ್ಲಿ. ಅಪ್ಪ ಆಂದ್ರೇ, ಅಮ್ಮ ಜೂಲಿಯಾ. ಇಬ್ಬರೂ ಈಗಿನ ಸ್ಲೊವಾಕಿಯಾದಲ್ಲಿರುವ ಮಿಕೋವಾ ಎಂಬ ಪುಟ್ಟ ಹಳ್ಳಿಯಿಂದ ವಲಸೆ ಬಂದವರು. ಮನೆಯಲ್ಲಿ ಆಡುತ್ತಿದ್ದದ್ದು ರುಸಿನ್ ಭಾಷೆ. ಅಪ್ಪ ಕೂಲಿ ಕೆಲಸಕ್ಕೆ ಊರೂರು ಅಲೆಯುತ್ತಿದ್ದ. ಮೂರು ಗಂಡುಮಕ್ಕಳಲ್ಲಿ ಆಂಡಿ ಕೊನೆಯವನು. ಹೆಸರಿನ ಕೊನೆಯ 'ಆ' ಬಿದ್ದುಹೋಗಿ ವಾರ್ಹೋಲ್ ಆದದ್ದು ಮುಂದೆ ನ್ಯೂಯಾರ್ಕಿನಲ್ಲಿ.

ಬಾಲ್ಯದ ಎರಡು ಸಂಗತಿ ಮುಖ್ಯ. ಒಂದು, ಚರ್ಚು. ಪ್ರತಿ ಭಾನುವಾರ ಈ ಕುಟುಂಬ ನಡೆದುಕೊಂಡು ಹೋಗುತ್ತಿದ್ದ ಬೈಜಾಂಟೈನ್ ಕ್ಯಾಥೊಲಿಕ್ ಚರ್ಚಿನಲ್ಲಿ, ಪೂಜಾಸ್ಥಳದ ಮುಂದೆ ಸಂತರ ಚಿತ್ರಗಳ ದೊಡ್ಡ ಗೋಡೆಯೇ ಇತ್ತು. ಚಿನ್ನದ ಬಣ್ಣದ ಹಿನ್ನೆಲೆ, ಸಾಲು ಸಾಲು ಮುಖಗಳು, ಎಲ್ಲವೂ ನೇರ ಎದುರಿಗೆ ನೋಡ್ತಾ ಇರುವಂಥವು. ಇನ್ನೊಂದು, ಕಾಯಿಲೆ. ಎಂಟನೇ ವಯಸ್ಸಿಗೆ ಅವನಿಗೆ ಕೈಕಾಲು ತಾನಾಗಿ ಅದುರುವ ಕೊರಿಯಾ ಎಂಬ ರೋಗ ಬಂತು. ತಿಂಗಳುಗಟ್ಟಲೆ ಹಾಸಿಗೆ. ಜೂಲಿಯಾ ಬಣ್ಣ ತುಂಬುವ ಪುಸ್ತಕ, ಸಿನಿಮಾ ಪತ್ರಿಕೆ ತಂದುಕೊಡುತ್ತಿದ್ದಳು. ಮಲಗಿದಲ್ಲೇ ಹುಡುಗ ತಾರೆಯರ ಚಿತ್ರ ಕತ್ತರಿಸಿ ಅಂಟಿಸುತ್ತಿದ್ದ. ಬಾಲನಟಿ ಶರ್ಲಿ ಟೆಂಪಲ್ ಸಹಿ ಹಾಕಿ ಕಳಿಸಿದ ಫೋಟೊ ಅವನ ದೊಡ್ಡ ಆಸ್ತಿಯಾಗಿತ್ತು. ಭಾನುವಾರದ ಸಂತರು ಒಂದು ಕಡೆ, ವಾರವಿಡೀ ಹಾಲಿವುಡ್ ಇನ್ನೊಂದು ಕಡೆ. ಮುಂದೆ ಅವನು ಮರ್ಲಿನ್ ಮನ್ರೋ ಮುಖವನ್ನು ಚಿನ್ನದ ಬಣ್ಣದ ನಡುವೆ ಕೂರಿಸಿದಾಗ ಈ ಎರಡೂ ಸೇರಿಕೊಂಡಿದ್ದವು.

ಅವನಿಗೆ ಹದಿಮೂರಾಗಿದ್ದಾಗ, 1942ರಲ್ಲಿ ಅಪ್ಪ ತೀರಿಕೊಂಡ. ಮನೆಯಲ್ಲಿ ಇಟ್ಟಿದ್ದ ಹೆಣವನ್ನು ನೋಡಲಾಗದೆ ಹುಡುಗ ಮಂಚದ ಕೆಳಗೆ ಅಡಗಿಕೊಂಡಿದ್ದ. ಆಂಡಿ ಕಾಲೇಜು ಓದಲಿ ಅಂತ ಆಂದ್ರೇ ಕೂಲಿ ದುಡ್ಡಿನಲ್ಲೇ ಉಳಿಸಿಟ್ಟಿದ್ದ. ಆ ಹಣದಲ್ಲಿ ಅವನು ಸೇರಿದ್ದು ಕಾರ್ನೆಗಿ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಗೆ, ಅಂದರೆ ಇಂದಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯಕ್ಕೆ. ನನ್ನಂಥ ಎಂಜಿನಿಯರಿಂಗ್‌ನವರಿಗೆ ಕಂಪ್ಯೂಟರ್ ಸೈನ್ಸ್‌ನ ತವರು ಅಂತ ಗೊತ್ತಿರುವ ಜಾಗ. ಅವನು ಓದಿದ್ದು ಚಿತ್ರ ವಿನ್ಯಾಸ. 1949ರಲ್ಲಿ ಪದವಿ ಮುಗಿಸಿ ನೇರ ನ್ಯೂಯಾರ್ಕಿಗೆ ಹೋದ.

ಅಲ್ಲಿ ಅವನು ಮೊದಲ ಹತ್ತು ವರ್ಷ ಜಾಹೀರಾತು ಕಲಾವಿದ. ಚಪ್ಪಲಿ, ಕೈಚೀಲ, ಪತ್ರಿಕೆಯ ಚಿತ್ರ, ಗ್ರಾಮೊಫೋನ್ ರೆಕಾರ್ಡುಗಳ ಕವರ್. ಐ. ಮಿಲ್ಲರ್ ಕಂಪನಿಯ ಶೂಗಳಿಗೆ ಬರೆದ ರೇಖಾಚಿತ್ರಗಳಿಂದ ಹೆಸರೂ ಬಂತು, ದುಡ್ಡೂ ಬಂತು. ಆಗ ಅವನು ಬಳಸುತ್ತಿದ್ದ ವಿಧಾನ ಸರಳ. ಒಂದು ಕಾಗದದ ಮೇಲೆ ಶಾಯಿಯಲ್ಲಿ ಗೆರೆ ಎಳೆದು, ಅದು ಒಣಗುವ ಮುಂಚೆ ಇನ್ನೊಂದು ಕಾಗದಕ್ಕೆ ಒತ್ತುವುದು. ಎರಡನೇ ಕಾಗದದಲ್ಲಿ ಮೂಡುವ ಗೆರೆ ಅಲ್ಲಲ್ಲಿ ಕತ್ತರಿಸಿ, ಅಲ್ಲಲ್ಲಿ ಹರಡಿ, ತಡವರಿಸಿದಂತೆ ಇರ್ತದೆ. ಗಿರಾಕಿಗೆ ಹೋಗುತ್ತಿದ್ದದ್ದು ಆ ಎರಡನೇ ಕಾಗದ. ನಕಲನ್ನು ಮೂಲಕ್ಕಿಂತ ಚೆಂದ ಮಾಡುವ ಉಪಾಯ ಅವನಿಗೆ ಪಾಪ್ ಆರ್ಟ್‌ಗಿಂತ ಮುಂಚೆಯೇ ಸಿಕ್ಕಿತ್ತು.

1950ರ ದಶಕದ ಆರಂಭದಲ್ಲೇ ಜೂಲಿಯಾ ಪಿಟ್ಸ್‌ಬರ್ಗ್ ಬಿಟ್ಟು ಮಗನ ಮನೆಗೆ ಬಂದು ಸೇರಿಕೊಂಡಳು. ಸುಮಾರು ಇಪ್ಪತ್ತು ವರ್ಷ ಅವನ ಜೊತೆಗೇ ಇದ್ದಳು. ಅಡುಗೆ ಮಾಡ್ತಾ, ಬೆಕ್ಕು ಸಾಕ್ತಾ, ಬೆಕ್ಕು ಮತ್ತು ದೇವತೆಗಳ ಚಿತ್ರ ಬರೀತಾ ಇದ್ದ ಆಕೆಯ ಕೈಬರಹ ಸುತ್ತು ಸುತ್ತಾಗಿ, ಬಳ್ಳಿಯ ಹಾಗೆ ಇತ್ತು. ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ, ಕಾಗುಣಿತ ತಪ್ಪುತ್ತಿತ್ತು. ಆ ತಪ್ಪುಗಳನ್ನು ಹಾಗೇ ಉಳಿಸಿಕೊಂಡೇ ಮಗ ತನ್ನ ಪುಸ್ತಕ, ಜಾಹೀರಾತುಗಳಲ್ಲಿ ಅಮ್ಮನ ಅಕ್ಷರ ಬಳಸಿದ. ಮೂನ್‌ಡಾಗ್ ಎಂಬ ಬೀದಿ ಸಂಗೀತಗಾರನ 1957ರ ರೆಕಾರ್ಡ್‌ನ ಕವರ್ ಪೂರ್ತಿ ಜೂಲಿಯಾಳ ಅಕ್ಷರ. ಅದಕ್ಕೆ ವಿನ್ಯಾಸದ ಪ್ರಶಸ್ತಿಯೂ ಬಂತು. ಆದರೆ ಆಕೆ ಹಾಕುತ್ತಿದ್ದ ಸಹಿಯಲ್ಲಿ ಜೂಲಿಯಾ ಅನ್ನೋ ಹೆಸರೇ ಇಲ್ಲ. ಆಂಡಿ ವಾರ್ಹೋಲ್‌ನ ತಾಯಿ, ಅಷ್ಟೇ. ನನ್ನ ಪ್ರಶ್ನೆಗೆ ಸಿಗುವ ಮೊದಲ ಉತ್ತರ ಈಕೆ.

1962ರಲ್ಲಿ ಎಲ್ಲ ಬದಲಾಯ್ತು. ಆ ಜುಲೈನಲ್ಲಿ ಲಾಸ್ ಏಂಜಲೀಸ್‌ನ ಫೆರಸ್ ಗ್ಯಾಲರಿಯಲ್ಲಿ ಅವನ 32 ಕ್ಯಾನ್ವಾಸ್‌ಗಳು ಸಾಲಾಗಿ ನಿಂತವು. ಕ್ಯಾಂಪ್‌ಬೆಲ್ ಕಂಪನಿಯ ಸೂಪ್ ಡಬ್ಬಿಗಳು, ಒಂದೊಂದು ರುಚಿಗೆ ಒಂದೊಂದು ಚಿತ್ರ. ಜನ ನಕ್ಕರು. ಗ್ಯಾಲರಿಯ ಇರ್ವಿಂಗ್ ಬ್ಲಮ್ ಮಾತ್ರ, ಮಾರಿದ್ದ ಕೆಲವನ್ನೂ ವಾಪಸ್ ಪಡೆದು, ಇಡೀ ಸೆಟ್ಟನ್ನು 1,000 ಡಾಲರಿಗೆ ಕಂತಿನಲ್ಲಿ ತಾನೇ ಕೊಂಡ. ಈಗ ಅದು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ. ಡಬ್ಬಿಗಳೆಲ್ಲ ಒಂದೇ ಥರ ಅಂತ ಕಾಣಿಸಿದರೂ ಅವು ಕೈಯಲ್ಲಿ ಬರೆದವು. ಹತ್ತಿರ ಹೋದರೆ ಒಂದು ಇನ್ನೊಂದರ ಹಾಗಿಲ್ಲ.

ಅದೇ ಆಗಸ್ಟ್‌ನಲ್ಲಿ ಮರ್ಲಿನ್ ಮನ್ರೋ ಸತ್ತಳು. ಕೆಲವೇ ವಾರಗಳಲ್ಲಿ ವಾರ್ಹೋಲ್ 'ನಯಾಗರಾ' ಚಿತ್ರದ ಪ್ರಚಾರಕ್ಕೆ ತೆಗೆದಿದ್ದ ಆಕೆಯ ಒಂದು ಫೋಟೊವನ್ನು ಎತ್ತಿಕೊಂಡು ಸಿಲ್ಕ್‌ಸ್ಕ್ರೀನ್ ಮಾಡಲು ಶುರು ಮಾಡಿದ. ಇದು ನಮ್ಮಲ್ಲಿ ಮದುವೆ ಕಾಗದಕ್ಕೂ ಟೀಶರ್ಟಿಗೂ ಮಾಡುವ ಸ್ಕ್ರೀನ್ ಪ್ರಿಂಟಿಂಗೇ. ಚೌಕಟ್ಟಿಗೆ ಬಿಗಿದ ತೆಳು ಬಟ್ಟೆಯ ಮೇಲೆ ಬೆಳಕಿನ ಸಹಾಯದಿಂದ ಫೋಟೊ ಇಳಿಸಿ, ಬೇಡದ ಕಡೆ ರಂಧ್ರ ಮುಚ್ಚಿ, ಮೇಲಿನಿಂದ ಬಣ್ಣ ಹಾಕಿ ರಬ್ಬರ್ ಪಟ್ಟಿಯಲ್ಲಿ ಎಳೆಯೋದು. ಬಣ್ಣ ಜಾಸ್ತಿಯಾದರೆ ಮುಖ ಕಪ್ಪಾಗ್ತದೆ, ಕಡಿಮೆಯಾದರೆ ಮಾಸಿಹೋಗ್ತದೆ, ಚೌಕಟ್ಟು ಸ್ವಲ್ಪ ಸರಿದರೆ ತುಟಿಯ ಕೆಂಪು ತುಟಿಯ ಮೇಲೆ ಕೂರೋದಿಲ್ಲ. ಎಂಜಿನಿಯರಿಂಗ್ ಓದುವಾಗ ಕಾಲೇಜು ಫೆಸ್ಟ್‌ಗೆ ನಾವೇ ಹೀಗೆ ಟೀಶರ್ಟ್ ಮಾಡಿ, ಬಣ್ಣ ಸರಿದ ಹದಿನೈದು ಇಪ್ಪತ್ತನ್ನು ರಿಜೆಕ್ಟ್ ಅಂತ ಮೂಲೆಗೆ ಎಸೆದಿದ್ದೆವು. ವಾರ್ಹೋಲ್ ಅಂಥವನ್ನೇ ಇಟ್ಟುಕೊಂಡ. 'ಮರ್ಲಿನ್ ಡಿಪ್ಟಿಕ್'ನಲ್ಲಿ 50 ಮುಖಗಳಿವೆ. ಎಡಗಡೆಯ 25 ಬಣ್ಣದವು. ಬಲಗಡೆಯ 25 ಕಪ್ಪುಬಿಳುಪು. ಒಂದು ಕಡೆ ಬಣ್ಣ ಗಟ್ಟಿಯಾಗಿ ಕಣ್ಣು ಮೂಗು ಮುಚ್ಚಿಹೋಗಿವೆ, ಅಂಚಿಗೆ ಹೋಗ್ತಾ ಮುಖ ಮಾಸಿ ದೆವ್ವದಂತಾಗ್ತದೆ. ಎಡಗಡೆ ತಾರೆ, ಬಲಗಡೆ ಸತ್ತ ಹೆಂಗಸು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಅವನ ಕಲೆ ಇರೋದು ಟಾಲರೆನ್ಸ್ ಮೀರಿದ ಜಾಗದಲ್ಲಿ.

ಅದೇ ಫೋಟೊ ಆಧರಿಸಿ 1964ರಲ್ಲಿ ಮಾಡಿದ ಇನ್ನೊಂದು ಮರ್ಲಿನ್ 2022ರ ಮೇ ತಿಂಗಳಲ್ಲಿ ಹರಾಜಿನಲ್ಲಿ 19.5 ಕೋಟಿ ಡಾಲರಿಗೆ ಹೋಯಿತು. ಆ ಮೂಲ ಫೋಟೊ ತೆಗೆದವರ ಹೆಸರನ್ನು ಮಾತ್ರ ಆ ಸುದ್ದಿ ಓದಿದ ನೂರಕ್ಕೆ ತೊಂಬತ್ತು ಜನ ಕೇಳಿಯೇ ಇಲ್ಲ.

ಯಂತ್ರವಾಗಿಬಿಡಬೇಕು ಅನ್ನೋ ಆಸೆಯನ್ನು ವಾರ್ಹೋಲ್ 1963ರ ಸಂದರ್ಶನವೊಂದರಲ್ಲಿ ಹೇಳಿಕೊಂಡ. ಮರುವರ್ಷ ಪೂರ್ವ 47ನೇ ಬೀದಿಯಲ್ಲಿ ಶುರುವಾದ ಅವನ ಸ್ಟುಡಿಯೋಗೆ ಬಿದ್ದ ಹೆಸರೂ ಫ್ಯಾಕ್ಟರಿ. ಗೋಡೆಗೆಲ್ಲ ಬೆಳ್ಳಿ ಬಣ್ಣ, ಬೆಳ್ಳಿ ಕಾಗದ ಅಂಟಿಸಿದವನು ಬಿಲ್ಲಿ ನೇಮ್. ಸಿಲ್ಕ್‌ಸ್ಕ್ರೀನ್ ಎಳೆಯುವುದಕ್ಕೆ ಜೊತೆಯಾದವನು ಕವಿ ಜೆರಾರ್ಡ್ ಮಲಾಂಗಾ. ಬಾಗಿಲು ಯಾವಾಗಲೂ ತೆರೆದೇ ಇರುತ್ತಿತ್ತು. ಸಂಗೀತಗಾರರು, ಶ್ರೀಮಂತರ ಮಕ್ಕಳು, ಮನೆ ಬಿಟ್ಟು ಬಂದವರು, ನಶೆಯಲ್ಲಿ ಮುಳುಗಿದವರು, ಬೇರೆಲ್ಲೂ ಜಾಗ ಸಿಗದ ಸಲಿಂಗಿಗಳು ಬಂದು ಸೇರಿಕೊಂಡರು. ಅವರನ್ನು ಅವನು ಸೂಪರ್‌ಸ್ಟಾರ್ ಅಂದ. ಹೆಸರು ಬಂತು, ದುಡ್ಡು ಅಷ್ಟಾಗಿ ಬರಲಿಲ್ಲ. ಅವರಲ್ಲಿ ಎಲ್ಲರಿಗಿಂತ ಹೊಳೆದ ಈಡಿ ಸೆಜ್‌ವಿಕ್ 1971ರಲ್ಲಿ, 28ನೇ ವಯಸ್ಸಿನಲ್ಲಿ ತೀರಿಕೊಂಡಳು.

ಮ್ಯೂಸಿಕ್ ವಿಡಿಯೋ ಪ್ರೇಮಿಯಾಗಿ ನಾನು ಮತ್ತೆ ಮತ್ತೆ ವಾಪಸ್ ಬರೋದು ಈ ಫ್ಯಾಕ್ಟರಿಯಲ್ಲಿ ತಯಾರಾದ ಒಂದು ಮಾಲಿಗೆ: ಸ್ಕ್ರೀನ್ ಟೆಸ್ಟ್‌ಗಳು. 1964ರಿಂದ 1966ರವರೆಗೆ ಬಂದುಹೋದವರನ್ನೆಲ್ಲ ಕುರ್ಚಿಯ ಮೇಲೆ ಕೂರಿಸಿ, ಎದುರಿಗೆ ಬೋಲೆಕ್ಸ್ ಕ್ಯಾಮೆರಾ ಇಟ್ಟು, ಅಲುಗಾಡದೆ ಕೂರಲು ಹೇಳಿ ಚಿತ್ರೀಕರಿಸುತ್ತಿದ್ದ. ಹೀಗೆ ಉಳಿದಿರುವ ಸುರುಳಿಗಳು 472. ಶಬ್ದ ಇಲ್ಲ, ಕಟ್ ಇಲ್ಲ. ಲೆಕ್ಕ ನೋಡಿ: 100 ಅಡಿಯ 16 ಎಂಎಂ ಸುರುಳಿಯಲ್ಲಿ 4,000 ಫ್ರೇಮ್. ಸೆಕೆಂಡಿಗೆ 24 ಫ್ರೇಮಿನಂತೆ ಚಿತ್ರೀಕರಿಸಿದರೆ ಎರಡೂ ಮುಕ್ಕಾಲು ನಿಮಿಷ. ಅದನ್ನೇ ಸೆಕೆಂಡಿಗೆ 16 ಫ್ರೇಮಿನಂತೆ ನಿಧಾನವಾಗಿ ತೋರಿಸಿದರೆ ನಾಲ್ಕು ನಿಮಿಷ ಹತ್ತು ಸೆಕೆಂಡ್. ಒಂದು ಪಾಪ್ ಹಾಡಿನ ಉದ್ದ!

ಆ ನಾಲ್ಕು ನಿಮಿಷದಲ್ಲಿ ಏನಾಗ್ತದೆ? ಮೊದಲ ಅರ್ಧ ನಿಮಿಷ ಎಲ್ಲರೂ ಪೋಸು ಕೊಡ್ತಾರೆ. ಆಮೇಲೆ ಪೋಸು ಖರ್ಚಾಗಿಬಿಡ್ತದೆ. ಗಂಟಲು ಅಲುಗ್ತದೆ, ಕಣ್ಣು ತಪ್ಪಿಸ್ತದೆ, ನಗು ಬರಬಾರದ ಕಡೆ ಬರ್ತದೆ. ಆ್ಯನ್ ಬ್ಯೂಕನನ್ ಎಂಬಾಕೆ ರೆಪ್ಪೆ ಬಡಿಯದೆ ಕೂತಳು. ಕೊನೆಗೆ ಕಣ್ಣೀರು ತಾನಾಗಿ ಕೆನ್ನೆ ಮೇಲೆ ಇಳಿಯಿತು. ಡಿಲನ್ ಕೂಡ 1965ರಲ್ಲಿ ಬಂದು ಕೂತಿದ್ದ, ಹೋಗುವಾಗ ಎಲ್ವಿಸ್ ಪ್ರೀಸ್ಲಿಯ ಒಂದು ದೊಡ್ಡ ಚಿತ್ರವನ್ನು ಹೊತ್ತುಕೊಂಡು ಹೋಗಿ ಆಮೇಲೆ ಅದನ್ನು ಸೋಫಾಗೆ ಬದಲು ಕೊಟ್ಟುಬಿಟ್ಟ. ನಕಲು ಮಾಡುವ ಯಂತ್ರವಾಗಬೇಕು ಅಂದವನು ಹೀಗೆ ಕ್ಯಾಮೆರಾ ಇಟ್ಟು ಕಾಯ್ತಾ ಇದ್ದದ್ದು, ಮುಖದ ಹಿಂದಿನ ಮನುಷ್ಯ ಯಾವಾಗ ಹೊರಗೆ ಬರ್ತಾನೆ ಅಂತ. ಇವತ್ತಿನ ವಿಡಿಯೋಗಳಲ್ಲಿ ಹಾಡುವವರ ಮುಖ ಒಂದೆರಡು ಸೆಕೆಂಡಿಗಿಂತ ಹೆಚ್ಚು ನಿಲ್ಲೋದು ಅಪರೂಪ. ಪೋಸು ಖರ್ಚಾಗಲು ನಾವು ಬಿಡೋದೇ ಇಲ್ಲ.

1965ರ ಕೊನೆಗೆ ವಾರ್ಹೋಲ್‌ಗೆ ಒಂದು ತಂಡ ಸಿಕ್ಕಿತು: ಲೂ ರೀಡ್, ಜಾನ್ ಕೇಲ್, ಸ್ಟರ್ಲಿಂಗ್ ಮಾರಿಸನ್, ಮೋ ಟಕರ್ ಇದ್ದ ವೆಲ್ವೆಟ್ ಅಂಡರ್‌ಗ್ರೌಂಡ್. ಜರ್ಮನ್ ಗಾಯಕಿ ನೀಕೋಳನ್ನು ಅವರ ಜೊತೆ ಸೇರಿಸಿ, 1966ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ದ ಡಾಮ್ ಎಂಬ ಹಾಲ್‌ನಲ್ಲಿ 'ಎಕ್ಸ್‌ಪ್ಲೋಡಿಂಗ್ ಪ್ಲಾಸ್ಟಿಕ್ ಇನೆವಿಟಬಲ್' ಎಂಬ ಪ್ರದರ್ಶನ ಶುರು ಮಾಡಿದ. ತಂಡ ನುಡಿಸುತ್ತಿರುವಾಗ ಅವರ ಮೈಮೇಲೇ ಸಿನಿಮಾ ಬಿಡೋದು, ಬಣ್ಣದ ಸ್ಲೈಡು, ಮಿನುಗುವ ದೀಪ, ಚಾಟಿ ಹಿಡಿದು ಕುಣಿಯುವ ಮಲಾಂಗಾ. ಕೆಲವೊಮ್ಮೆ ಹಾಡುವವರ ಹಿಂದಿನ ಪರದೆಯಲ್ಲಿ ಅವರದ್ದೇ ದೈತ್ಯ ಮುಖ. ಎಂಟಿವಿ ಹುಟ್ಟಲು ಇನ್ನೂ 15 ವರ್ಷ ಇತ್ತು. ಇವತ್ತು ಯಾವುದೇ ದೊಡ್ಡ ಸಂಗೀತ ಕಛೇರಿಗೆ ಹೋದರೂ ನಾವು ನೋಡೋದು ಇದನ್ನೇ, ಎಲ್‌ಇಡಿ ಪರದೆಯಲ್ಲಿ.

1967ರ ಮಾರ್ಚ್‌ನಲ್ಲಿ ತಂಡದ ಮೊದಲ ಆಲ್ಬಂ ಬಂತು. ಮುಂದಿನ ಕವರ್‌ನಲ್ಲಿ ಹಳದಿ ಬಾಳೆಹಣ್ಣು, ಸಿಪ್ಪೆಯ ಸ್ಟಿಕ್ಕರ್ ಸುಲಿದರೆ ಒಳಗೆ ಗುಲಾಬಿ ಬಣ್ಣದ ತಿರುಳು. ಪಕ್ಕದಲ್ಲಿ ಹೆಸರು ಇದ್ದದ್ದು ಆಂಡಿ ವಾರ್ಹೋಲ್‌ದು, ತಂಡದ್ದಲ್ಲ. ಹಿಂದಿನ ಕವರ್‌ನ ಕಥೆ ಇನ್ನೂ ವಿಚಿತ್ರ. ವೇದಿಕೆಯ ಫೋಟೊದಲ್ಲಿ ತಂಡದ ಹಿಂದೆ ಎರಿಕ್ ಎಮರ್ಸನ್ ಎಂಬ ಫ್ಯಾಕ್ಟರಿ ನಟನ ಮುಖ ತಲೆಕೆಳಗಾಗಿ ಬಿದ್ದಿತ್ತು. ನನ್ನನ್ನು ಕೇಳದೆ ಬಳಸಿದ್ದೀರಿ, ದುಡ್ಡು ಕೊಡಿ ಅಂತ ಅವನು ತಕರಾರು ತೆಗೆದ. ಕಂಪನಿ ದುಡ್ಡು ಕೊಡುವ ಬದಲು ಮಾರಾಟ ನಿಲ್ಲಿಸಿ, ಅವನ ಮುಖದ ಮೇಲೆ ಸ್ಟಿಕ್ಕರ್ ಅಂಟಿಸಿತು, ಆಮೇಲೆ ಅಚ್ಚಿನಲ್ಲೇ ಅಳಿಸಿತು. ರಾಕ್ ಸಂಗೀತದ ಇತಿಹಾಸ ಬದಲಿಸಿತು ಅಂತ ಈಗ ನಾವು ಹಾಡಿಹೊಗಳುವ ಆ ಆಲ್ಬಂ ಆಗ ಸರಿಯಾಗಿ ಮಾರಾಟವೂ ಆಗಲಿಲ್ಲ.

ಇದೇ ಹೊತ್ತಿಗೆ ಇನ್ನೊಂದು ತಕರಾರೂ ನಡೆದಿತ್ತು. 1964ರ ಅವನ ಪ್ರಸಿದ್ಧ 'ಫ್ಲವರ್ಸ್' ಚಿತ್ರಗಳ ಮೂಲ ಒಂದು ಫೋಟೊಗ್ರಫಿ ಪತ್ರಿಕೆಯಲ್ಲಿ ಅಚ್ಚಾಗಿದ್ದ ದಾಸವಾಳ. ತೆಗೆದವರು ಪೆಟ್ರೀಷಿಯಾ ಕಾಲ್‌ಫೀಲ್ಡ್. 1966ರಲ್ಲಿ ಆಕೆ ಕೋರ್ಟಿಗೆ ಹೋದರು, ಕೊನೆಗೆ ರಾಜಿಯಾಯಿತು. ಚಿತ್ರದ ಹಿಂದಿನ ಜನ ಒಬ್ಬೊಬ್ಬರಾಗಿ ಎದ್ದು ನಿಲ್ಲಲು ಶುರು ಮಾಡಿದ್ದರು.

1968ರ ಜೂನ್ 3. ವ್ಯಾಲರಿ ಸೊಲಾನಸ್ ಎಂಬ ಲೇಖಕಿ ಫ್ಯಾಕ್ಟರಿಯ ಹೊಸ ಜಾಗಕ್ಕೆ ಬಂದು ವಾರ್ಹೋಲ್ ಮೇಲೆ ಗುಂಡು ಹಾರಿಸಿದಳು. ಆಕೆ ಹಿಂದೆ ತನ್ನ ನಾಟಕವೊಂದರ ಹಸ್ತಪ್ರತಿಯನ್ನು ಅವನಿಗೆ ಓದಲು ಕೊಟ್ಟಿದ್ದಳು, ಅದು ಅಲ್ಲೆಲ್ಲೋ ಕಳೆದುಹೋಗಿತ್ತು. ಅದರಿಂದ ಗುಂಡು ಹಾರಿಸಿದ್ದು ಸರಿಯಾಗೋದಿಲ್ಲ. ಆಕೆಯ ಮನಸ್ಸಿನ ಆರೋಗ್ಯವೂ ಕೆಟ್ಟಿತ್ತು. ಗುಂಡು ಶ್ವಾಸಕೋಶ, ಹೊಟ್ಟೆ, ಯಕೃತ್ತುಗಳನ್ನೆಲ್ಲ ಹಾದುಹೋಗಿತ್ತು. ವೈದ್ಯರು ಬಹುತೇಕ ಕೈಚೆಲ್ಲಿದ ಮೇಲೂ ಅವನು ಬದುಕಿದ. ಉಳಿದ ಜೀವನವೆಲ್ಲ ಹೊಟ್ಟೆಯನ್ನು ಹಿಡಿದಿಡುವ ಬಿಗಿ ಪಟ್ಟಿ ಕಟ್ಟಿಕೊಂಡೇ ಓಡಾಡಬೇಕಾಯಿತು. 1970ರಲ್ಲಿ ಆಲಿಸ್ ನೀಲ್ ಎಂಬ ಕಲಾವಿದೆ ಅವನನ್ನು ಕೂರಿಸಿ ಚಿತ್ರ ಬರೆದಳು. ಅಂಗಿ ಇಲ್ಲ, ಎದೆಯ ಮೇಲೆ ಹೊಲಿಗೆಯ ಗುರುತು, ಸೊಂಟಕ್ಕೆ ಆ ಪಟ್ಟಿ, ಕಣ್ಣು ಮುಚ್ಚಿದೆ. ಬೇರೆಯವರನ್ನು ಕೂರಿಸಿ ದಿಟ್ಟಿಸುತ್ತಿದ್ದವನು ತಾನೇ ಆ ಕುರ್ಚಿಯಲ್ಲಿ ಕೂತಿದ್ದಾನೆ. ಅವನ ಬಗ್ಗೆ ನಾನು ನೋಡಿದ ಚಿತ್ರಗಳಲ್ಲಿ ಇದಕ್ಕಿಂತ ನಿಜವಾದದ್ದು ಇಲ್ಲ.

ಗುಂಡೇಟಿನ ನಂತರದ ವಾರ್ಹೋಲ್ ಹೆಚ್ಚು ಹುಷಾರು, ಹೆಚ್ಚು ವ್ಯಾಪಾರಿ. ರೋಲಿಂಗ್ ಸ್ಟೋನ್ಸ್‌ನ 1971ರ 'ಸ್ಟಿಕಿ ಫಿಂಗರ್ಸ್' ಆಲ್ಬಮ್ಮಿಗೆ ಜೀನ್ಸ್ ಪ್ಯಾಂಟಿನ ಚಿತ್ರಕ್ಕೆ ನಿಜವಾದ ಜಿಪ್ ಹಾಕುವ ಯೋಚನೆ ಕೊಟ್ಟ. ಅದನ್ನು ಕೈಗೂಡುವ ವಸ್ತುವಾಗಿಸಿದವನು ಕ್ರೇಗ್ ಬ್ರಾನ್. ಸಾಗಣೆಯಲ್ಲಿ ಪೆಟ್ಟಿಗೆಗಳು ಒಂದರ ಮೇಲೊಂದು ಕೂತು ಜಿಪ್ ರೆಕಾರ್ಡಿಗೆ ಒತ್ತಿ ಗೀರಾಗುತ್ತಿತ್ತು. ಜಿಪ್ಪನ್ನು ಅರ್ಧಕ್ಕೆ ಇಳಿಸಿಟ್ಟರೆ ಅದು ಮಧ್ಯದ ಲೇಬಲ್ ಮೇಲೆ ಬೀಳ್ತದೆ, ಹಾಡು ಉಳೀತದೆ ಅಂತ ಕಂಡುಕೊಂಡರು. ಎಂಜಿನಿಯರುಗಳ ಹೊಟ್ಟೆ ತಣ್ಣಗಾಗುವ ಪರಿಹಾರ. ಮುಂದೆ ಅವನು ತನ್ನದೇ ಪೋಲರಾಯ್ಡ್ ಫೋಟೊಗಳಿಂದ ಶ್ರೀಮಂತರ, ಗಾಯಕರ ಭಾವಚಿತ್ರಗಳನ್ನು ಆರ್ಡರ್ ಮೇಲೆ ಮಾಡಿಕೊಟ್ಟ. ಮಿಕ್ ಜಾಗರ್, ಡೆಬ್ಬಿ ಹ್ಯಾರಿ, ಡಯಾನಾ ರಾಸ್, ಅರೀಥಾ ಫ್ರಾಂಕ್ಲಿನ್ ಎಲ್ಲರೂ ಬಂದರು.

ಜೂಲಿಯಾ ಆರೋಗ್ಯ ಕೆಟ್ಟು ಪಿಟ್ಸ್‌ಬರ್ಗ್‌ಗೆ ವಾಪಸ್ ಹೋಗಿ, 1972ರಲ್ಲಿ ತೀರಿಕೊಂಡಳು. ಮಗ ಅಂತ್ಯಸಂಸ್ಕಾರಕ್ಕೆ ಹೋಗಲಿಲ್ಲ. ಹತ್ತಿರದವರಿಗೂ ಬಹಳ ಕಾಲ ಹೇಳಲಿಲ್ಲ. ಮಂಚದ ಕೆಳಗೆ ಅಡಗಿದ್ದ ಹುಡುಗ ಇನ್ನೂ ಹೊರಗೆ ಬಂದಿರಲಿಲ್ಲ ಅನ್ನಿಸ್ತದೆ. 1974ರಲ್ಲಿ ಆಕೆಯ ಮುಖವನ್ನು ಚಿತ್ರಿಸಿದ, ಅದೂ ಒಂದು ಹಳೆಯ ಫೋಟೊದಿಂದ.

1981ರ ಆಗಸ್ಟ್‌ನಲ್ಲಿ ಎಂಟಿವಿ ಶುರುವಾದಾಗ ವಾರ್ಹೋಲ್‌ಗೆ 52 ವರ್ಷ. ಕಾಲ ಕೊನೆಗೂ ಅವನನ್ನು ಹಿಡಿದಿತ್ತು. 1984ರಲ್ಲಿ ದ ಕಾರ್ಸ್ ತಂಡದ 'ಹೆಲೋ ಅಗೇನ್' ವಿಡಿಯೋ ಮಾಡಿದ. ಮ್ಯೂಸಿಕ್ ವಿಡಿಯೋಗಳಲ್ಲಿ ಹಿಂಸೆ, ಲೈಂಗಿಕತೆ ಹೆಚ್ಚಾಯ್ತು ಅಂತ ಆಗ ನಡೀತಾ ಇದ್ದ ಗದ್ದಲವನ್ನೇ ಅದರಲ್ಲಿ ಗೇಲಿ ಮಾಡಿದ್ದ, ತಾನೇ ಬಾರ್‌ನಲ್ಲಿ ಪೇಯ ಸುರಿಯುವವನಾಗಿ ನಿಂತ. ಜೊತೆ ನಿರ್ದೇಶಕ ಡಾನ್ ಮನ್ರೋ. ಈ ಎರಡನೇ ಹೆಸರನ್ನು ಯಾರೂ ಹೇಳೋದಿಲ್ಲ, ಅದಕ್ಕೇ ಇಲ್ಲಿ ಬರೆದೆ. 1985ರಿಂದ ಎಂಟಿವಿಯಲ್ಲೇ 'ಆಂಡಿ ವಾರ್ಹೋಲ್ಸ್ ಫಿಫ್ಟೀನ್ ಮಿನಿಟ್ಸ್' ಎಂಬ ಕಾರ್ಯಕ್ರಮವೂ ಬಂತು.

ಅದೇ 1985ರ ಜುಲೈ 23ರಂದು ನ್ಯೂಯಾರ್ಕಿನ ಲಿಂಕನ್ ಸೆಂಟರ್‌ನಲ್ಲಿ ಕೊಮೊಡೋರ್ ಕಂಪನಿ ಅಮಿಗಾ ಕಂಪ್ಯೂಟರ್ ಬಿಡುಗಡೆ ಮಾಡಿತು. ವೇದಿಕೆಯಲ್ಲಿ ವಾರ್ಹೋಲ್, ಎದುರಿಗೆ ಗಾಯಕಿ ಡೆಬ್ಬಿ ಹ್ಯಾರಿ. ಕ್ಯಾಮೆರಾದಿಂದ ಸೆರೆಹಿಡಿದ ಆಕೆಯ ಕಪ್ಪುಬಿಳುಪು ಚಿತ್ರದೊಳಗೆ ಮೌಸ್ ಒತ್ತಿ ಬಣ್ಣ ತುಂಬಿದ. ಹಾಸಿಗೆ ಹಿಡಿದು ಬಣ್ಣದ ಪುಸ್ತಕ ತುಂಬಿದ ಹುಡುಗನೇ! ಅವನು ಆ ಯಂತ್ರದಲ್ಲಿ ಮಾಡಿಟ್ಟ ಇತರ ಚಿತ್ರಗಳು ಫ್ಲಾಪಿಗಳಲ್ಲಿ ಮಲಗಿದ್ದವು. ಅವನ್ನು ಮುಂದೆ ಹೊರತೆಗೆದದ್ದು ಅವನದ್ದೇ ಕಾಲೇಜಿನ, ಕಾರ್ನೆಗಿ ಮೆಲನ್‌ನ ಕಂಪ್ಯೂಟರ್ ಕ್ಲಬ್. ಕಡತದ ಫಾರ್ಮ್ಯಾಟ್ ಯಾರಿಗೂ ಗೊತ್ತಿರದ ಕಾರಣ ಬೈಟ್ ಬೈಟ್ ಬಿಡಿಸಿ ಓದಬೇಕಾಯಿತು. ಒಂದರಲ್ಲಿ ಬೊಟಿಚೆಲ್ಲಿಯ ವೀನಸ್ ಇದ್ದಳು, ಕಾಪಿ ಪೇಸ್ಟ್ ಮಾಡಿದ ಮೂರನೇ ಕಣ್ಣಿನ ಜೊತೆ.

1987ರ ಫೆಬ್ರವರಿ 22ರಂದು, ಪಿತ್ತಕೋಶದ ಶಸ್ತ್ರಚಿಕಿತ್ಸೆ ಮುಗಿದ ಮರುದಿನ ಬೆಳಗಿನ ಜಾವ, ವಾರ್ಹೋಲ್ ಆಸ್ಪತ್ರೆಯಲ್ಲಿ ನಿದ್ದೆಯಲ್ಲೇ ತೀರಿಕೊಂಡ. 58 ವರ್ಷ. ಅವನು ಹೆಚ್ಚು ಕಡಿಮೆ ದಿನಾ ಚರ್ಚಿಗೆ ಹೋಗುತ್ತಿದ್ದ, ಹಬ್ಬದ ದಿನಗಳಲ್ಲಿ ಮನೆಯಿಲ್ಲದವರಿಗೆ ಊಟ ಬಡಿಸುತ್ತಿದ್ದ ಅನ್ನೋದು ಆಮೇಲೆ ಎಲ್ಲರಿಗೂ ಗೊತ್ತಾಯ್ತು.

ಸತ್ತ ಮೇಲೂ ಬಾಕಿ ತೀರಲಿಲ್ಲ. ಗಾಯಕ ಪ್ರಿನ್ಸ್‌ನ ಒಂದು ಭಾವಚಿತ್ರವನ್ನು ಛಾಯಾಗ್ರಾಹಕಿ ಲಿನ್ ಗೋಲ್ಡ್‌ಸ್ಮಿತ್ 1981ರಲ್ಲಿ ತೆಗೆದಿದ್ದರು. 1984ರಲ್ಲಿ 'ವ್ಯಾನಿಟಿ ಫೇರ್' ಪತ್ರಿಕೆ 400 ಡಾಲರ್ ಕೊಟ್ಟು, ಒಂದೇ ಬಾರಿ ಬಳಸುವ ಷರತ್ತಿನ ಮೇಲೆ ಅದನ್ನು ಪಡೆದು ವಾರ್ಹೋಲ್‌ಗೆ ಕೊಟ್ಟಿತು. ಅವನು ಒಂದರ ಬದಲು 16 ಚಿತ್ರ ಮಾಡಿಟ್ಟ. 2016ರಲ್ಲಿ ಪ್ರಿನ್ಸ್ ಸತ್ತಾಗ ಅದೇ ಪ್ರಕಾಶನ ಸಂಸ್ಥೆ ಇನ್ನೊಂದು ಚಿತ್ರವನ್ನು ಮುಖಪುಟಕ್ಕೆ ಹಾಕಿ ವಾರ್ಹೋಲ್ ಪ್ರತಿಷ್ಠಾನಕ್ಕೆ 10,000 ಡಾಲರ್ ಕೊಟ್ಟಿತು. ಗೋಲ್ಡ್‌ಸ್ಮಿತ್‌ಗೆ ದುಡ್ಡೂ ಇಲ್ಲ, ಹೆಸರೂ ಇಲ್ಲ. 2023ರ ಮೇ 18ರಂದು ಅಮೆರಿಕದ ಸುಪ್ರೀಂ ಕೋರ್ಟ್ 7-2 ಬಹುಮತದಿಂದ ಗೋಲ್ಡ್‌ಸ್ಮಿತ್ ಪರ ನಿಂತಿತು. ತೀರ್ಪು ಇದ್ದದ್ದು ಆ ಒಂದು ಪತ್ರಿಕಾ ಬಳಕೆಯ ಬಗ್ಗೆ ಮಾತ್ರ. ಭಿನ್ನಮತ ಬರೆದ ನ್ಯಾಯಮೂರ್ತಿ ಎಲೆನಾ ಕೇಗನ್ ಆತಂಕ ಏನೆಂದರೆ, ಹಳೆಯದನ್ನು ಮುಟ್ಟದೆ ಹೊಸ ಕಲೆ ಹುಟ್ಟೋದಿಲ್ಲ, ಈ ತೀರ್ಪು ಅದಕ್ಕೆ ಅಡ್ಡಿ. ನನಗೆ ಅವರ ಆತಂಕ ಅರ್ಥವಾಗ್ತದೆ. ಆದರೂ ನಾನು ಗೋಲ್ಡ್‌ಸ್ಮಿತ್ ಕಡೆ. ಚಿತ್ರ ಮಾಡಬೇಡಿ ಅಂತ ಯಾರೂ ಹೇಳ್ತಿಲ್ಲ. ಮಾರುವಾಗ ಕೇಳಿ, ಹೆಸರು ಹಾಕಿ, ಪಾಲು ಕೊಡಿ ಅನ್ನೋದಷ್ಟೇ ಪ್ರಶ್ನೆ.

ಇವತ್ತಿನ ಪಾಪ್ ಆರ್ಟ್ ಮತ್ತು ಪಾಪ್ ಸಂಗೀತ ವಾರ್ಹೋಲ್ ಹಾಕಿಕೊಟ್ಟ ದಾರಿಯಲ್ಲೇ ಇವೆ. ಲೇಡಿ ಗಾಗಾಳ 2013ರ 'ಆರ್ಟ್‌ಪಾಪ್' ಕವರ್ ಮಾಡಿದ್ದು ಜೆಫ್ ಕೂನ್ಸ್, ಅಲ್ಲೂ ಹಿಂದೆ ಬೊಟಿಚೆಲ್ಲಿಯ ವೀನಸ್ ಚೂರುಚೂರಾಗಿ ಇಣುಕ್ತಾಳೆ. 2019ರಲ್ಲಿ ಜಪಾನಿನ ತಕಾಶಿ ಮುರಕಾಮಿ ಬಿಲ್ಲಿ ಐಲಿಶ್‌ಳ ಹಾಡಿಗೆ ಅನಿಮೇಷನ್ ವಿಡಿಯೋ ಮಾಡಿದ, ಆಕೆ ಜೇಡವಾಗಿ ಬದಲಾಗಿ ಊರು ತುಳಿಯುವ ವಿಡಿಯೋ. ಎರಡೂ ನನಗಿಷ್ಟ. 2024ರ ಮೇ ತಿಂಗಳಲ್ಲಿ ವಾಶ್ಡ್ ಔಟ್ ಎಂಬ ಸಂಗೀತಗಾರನ 'ದ ಹಾರ್ಡೆಸ್ಟ್ ಪಾರ್ಟ್' ಹಾಡಿಗೆ ನಿರ್ದೇಶಕ ಪಾಲ್ ಟ್ರಿಲ್ಲೋ, ಓಪನ್‌ಎಐನ ಸೋರಾ ಬಳಸಿ ಸುಮಾರು ನಾಲ್ಕು ನಿಮಿಷದ ವಿಡಿಯೋ ಮಾಡಿದ. ಕ್ಯಾಮೆರಾ ಇಲ್ಲ, ನಟರಿಲ್ಲ. ಅದರಲ್ಲಿ ಒಂದು ಜೋಡಿ ಬೆಳೆದು, ಮದುವೆಯಾಗಿ, ಮುದಿಯಾಗ್ತದೆ. ನೋಡಿ ಬೆರಗಾದೆ. ಆಮೇಲೆ ಹಳೆಯ ಪ್ರಶ್ನೆ ಬಂತು. ಆ ಮುಖಗಳು ಯಾವ ಸಾವಿರಾರು ಮುಖಗಳಿಂದ ಬಂದವು? ಆ ಬೆಳಕು ಹಿಡಿಯೋದನ್ನು ಯಂತ್ರ ಯಾವ ಛಾಯಾಗ್ರಾಹಕರಿಂದ ಕಲಿಯಿತು? ಕಾಲ್‌ಫೀಲ್ಡ್, ಎಮರ್ಸನ್, ಗೋಲ್ಡ್‌ಸ್ಮಿತ್ ಎದ್ದು ನಿಂತು ಕೇಳಬಹುದಿತ್ತು, ಯಾಕಂದ್ರೆ ಅವರಿಗೆ ತಮ್ಮ ಹೂವು, ತಮ್ಮ ಮುಖ, ತಮ್ಮ ಫೋಟೊ ಗುರುತು ಸಿಕ್ಕಿತ್ತು. ಇಲ್ಲಿ ಗುರುತು ಹಿಡಿಯೋಕೂ ಆಗದ ಹಾಗೆ ಎಲ್ಲ ಕಲಸಿಹೋಗಿದೆ. ವಾರ್ಹೋಲ್‌ನ ಸ್ಕ್ರೀನ್ ಸರಿದ ಜಾಗದಲ್ಲಿ ಮನುಷ್ಯರು ಕಾಣ್ತಾ ಇದ್ದರು. ಹೊಸ ಯಂತ್ರ ಸರಿದಾಗ ಕಾಣೋದು ಆರನೇ ಬೆರಳು.

ಶುರುವಿನಲ್ಲಿ ಹೇಳ್ತೇನೆ ಅಂದಿದ್ದೆನಲ್ಲ, ನನ್ನ ತಪ್ಪು ಇದು. ಪತ್ರಿಕೋದ್ಯಮಕ್ಕೆ ಬಂದ ಮೊದಲ ವರ್ಷಗಳಲ್ಲಿ ಬರೆದ ಎಷ್ಟೋ ಲೇಖನಗಳಿಗೆ ಗೂಗಲ್‌ನಲ್ಲಿ ಸಿಕ್ಕ ಫೋಟೊ ಎತ್ತಿ ಹಾಕಿದ್ದೇನೆ. ಕೆಳಗೆ 'ಚಿತ್ರಕೃಪೆ: ಇಂಟರ್ನೆಟ್' ಅಂತ ಬರೆದು ಕೈತೊಳೆದುಕೊಂಡಿದ್ದೇನೆ. ಒಮ್ಮೆ ಒಬ್ಬ ಛಾಯಾಗ್ರಾಹಕ ಮೇಲ್ ಮಾಡಿದ್ದ. ಬೈದಿರಲಿಲ್ಲ. ಈ ಫೋಟೊಗಾಗಿ ಮಳೆಯಲ್ಲಿ ಎಷ್ಟು ಹೊತ್ತು ನಿಂತಿದ್ದೆ ಅಂತ ಮಾತ್ರ ತಿಳಿಸಿದ್ದ. ಹೆಸರು ಹಾಕಿದೆ, ಕ್ಷಮೆ ಕೇಳಿದೆ. ಅಷ್ಟರಲ್ಲಿ ಲೇಖನ ಓದುವವರೆಲ್ಲ ಓದಿ ಮುಗಿಸಿದ್ದರು.

ವಾರ್ಹೋಲ್‌ನ ಸಮಾಧಿ ಇರೋದು ಪಿಟ್ಸ್‌ಬರ್ಗ್ ಹತ್ತಿರದ ಬೆಥೆಲ್ ಪಾರ್ಕ್‌ನಲ್ಲಿ. ಬಂದವರು ಸೂಪ್ ಡಬ್ಬಿ ಇಟ್ಟುಹೋಗ್ತಾರೆ. 2013ರ ಆಗಸ್ಟ್ 6ರಂದು, ಅವನ 85ನೇ ಹುಟ್ಟುಹಬ್ಬಕ್ಕೆ, ಅಲ್ಲಿನ ವಾರ್ಹೋಲ್ ಮ್ಯೂಸಿಯಂ ಆ ಸಮಾಧಿಗೆ ಎದುರಾಗಿ ಒಂದು ಲೈವ್ ಕ್ಯಾಮೆರಾ ನಿಲ್ಲಿಸಿತು. ಸ್ಕ್ರೀನ್ ಟೆಸ್ಟ್‌ನ ಹಾಗೇ: ಹಾಡಿಲ್ಲ, ಕಟ್ ಇಲ್ಲ, ಬರೀ ಕಲ್ಲು, ಹುಲ್ಲು, ಹಗಲು, ರಾತ್ರಿ. ಅವನ ಸಮಾಧಿಯ ಪಕ್ಕದಲ್ಲೇ ಅಪ್ಪ ಅಮ್ಮನ ಸಮಾಧಿಯೂ ಇದೆ. ಆ ಕಲ್ಲಿನ ಮೇಲೆ ಜೂಲಿಯಾ ಅಂತ ಹೆಸರು ಕೆತ್ತಿದ್ದಾರೆ.

ಮುಂದಿನ ಸಲ ಯಾವುದಾದರೂ ವಿಡಿಯೋ ಇಷ್ಟವಾದರೆ ಕೆಳಗಿನ ವಿವರಣೆಯನ್ನು ಒಮ್ಮೆ ತೆರೆದು ನೋಡಿ. ಕ್ಯಾಮೆರಾ ಯಾರದ್ದು, ಕುಣಿದವರು ಯಾರು, ಚಿತ್ರ ಬರೆದವರು ಯಾರು. ಹೆಸರುಗಳೇ ಇಲ್ಲದಿದ್ದರೆ, ಕಾಮೆಂಟಿನಲ್ಲಿ ಕೇಳಿ.